ಹಳೆಯ ವಿಮಾನ, ಹೊಸ ಪೈಲಟ್ ಮತ್ತು ವಿಮೆ

ಒಂದು ಎಂಜಿನ್ ಕೆಟ್ಟರೆ ಇನ್ನೊಂದಿದೆ; ಆದ್ದರಿಂದ ಎರಡು ಎಂಜಿನ್‌ಗಳ ವಿಮಾನವೇ ಹೆಚ್ಚು ಸುರಕ್ಷಿತ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅಂಥದೊಂದು ಹಳೆಯ ಸಣ್ಣ ವಿಮಾನವನ್ನು ತರಬೇತಿಗೂ ಬಾಡಿಗೆಗೂ ಕೊಡುತ್ತೇನೆಂದು ಮಾಲೀಕನು ಹೇಳಿದರೆ ವಿಮಾ ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಇದಕ್ಕೆ ಕಾರಣವೇನು? ಉತ್ತರವನ್ನು ಅಮೆರಿಕದ ವಿಮಾನಯಾನದ ಇತಿಹಾಸದಲ್ಲಿ ಹುಡುಕೋಣ.

ರೈಟ್ ಸಹೋದರರು ಹಾರಿದ್ದು 1903ರಲ್ಲಿ. 1911ರ ಹೊತ್ತಿಗೆ ಲಂಡನ್ನಿನ ಲಾಯ್ಡ್ಸ್‌ನಲ್ಲಿ ವಿಮಾನಗಳಿಗೆ ವಿಮೆ ಆರಂಭವಾಯಿತು. ಈ ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಒಂದು, ವಿಮಾನಕ್ಕೇ ಆಗುವ ಹಾನಿಗೆ. ಇನ್ನೊಂದು, ವಿಮಾನದಿಂದ ಇತರರ ಪ್ರಾಣಕ್ಕೆ ಅಥವಾ ಆಸ್ತಿಗೆ ಆಗುವ ನಷ್ಟಕ್ಕೆ. ಇದನ್ನು ಹೊಣೆಗಾರಿಕೆ ವಿಮೆ ಎನ್ನುತ್ತಾರೆ.

1954ರಲ್ಲಿ ಪೈಪರ್ ಕಂಪನಿಯ ‘ಅಪಾಚೆ’ ಮಾರುಕಟ್ಟೆಗೆ ಬಂದಿತು. 150 ಅಶ್ವಶಕ್ತಿಯ ಎರಡು ಎಂಜಿನ್‌ಗಳಿದ್ದ ಪುಟ್ಟ ವಿಮಾನವದು. 1963ರಲ್ಲಿ ಅದೇ ಕಂಪನಿಯ ‘ಟ್ವಿನ್ ಕೊಮಾಂಚೆ’ ಬಂದಿತು. ವಿಮಾನಯಾನ ಸಂಸ್ಥೆಗಳಲ್ಲಿ ಉದ್ಯೋಗ ಬಯಸುವ ಪೈಲಟ್‌ಗಳಿಗೆ ಬಹು ಎಂಜಿನ್ ತರಬೇತಿ ಅನಿವಾರ್ಯ. ಹೀಗಾಗಿ ಕಡಿಮೆ ಬೆಲೆಗೆ ದೊರೆಯುವ ಇಂಥ ವಿಮಾನಗಳು ಹಾರಾಟ ಶಾಲೆಗಳನ್ನು ಸೇರಿದವು.

ತೊಡಕು ಇರುವುದು ಇಲ್ಲಿಯೇ. ಒಂದು ಎಂಜಿನ್ ನಿಂತಾಗ ಇನ್ನೊಂದು ಎಂಜಿನ್ ವಿಮಾನವನ್ನು ನಿಂತ ಎಂಜಿನ್‌ನ ಕಡೆಗೆ ತಿರುಗಿಸುತ್ತದೆ. ಬಾಲದ ಚುಕ್ಕಾಣಿಯಿಂದ ಇದನ್ನು ತಡೆಯಬೇಕು. ವೇಗವು ಒಂದು ಮಿತಿಗಿಂತ ಕಡಿಮೆಯಾದರೆ ಚುಕ್ಕಾಣಿಗೆ ಆ ಬಲ ಸಾಲದು, ವಿಮಾನ ಮಗುಚಿಕೊಳ್ಳಬಹುದು. ಈ ಮಿತಿಯೇ ಕನಿಷ್ಠ ನಿಯಂತ್ರಣ ವೇಗ. ನೆಲದ ಸಮೀಪದ ಸಾಂದ್ರ ಗಾಳಿಯಲ್ಲಿ ಎಂಜಿನ್‌ನ ಶಕ್ತಿ ಹೆಚ್ಚು, ಆದ್ದರಿಂದ ಈ ಅಪಾಯವೂ ಹೆಚ್ಚು. 1960ರ ದಶಕದಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ಕಡಿಮೆ ಎತ್ತರದಲ್ಲಿಯೇ ತೋರಿಸಿಕೊಡುತ್ತಿದ್ದರು. ತಪ್ಪಿದರೆ ಸರಿಪಡಿಸಿಕೊಳ್ಳಲು ಕೆಳಗೆ ಜಾಗವಿರಲಿಲ್ಲ. ಟ್ವಿನ್ ಕೊಮಾಂಚೆಯ ತರಬೇತಿಯಲ್ಲಿ ಹೀಗೆ ಶಿಕ್ಷಕರೂ ವಿದ್ಯಾರ್ಥಿಗಳೂ ಪ್ರಾಣ ಕಳೆದುಕೊಂಡರು. ಅಪಾಯದಿಂದ ಪಾರಾಗುವುದನ್ನು ಕಲಿಸುವ ಪಾಠವೇ ಅಪಾಯವಾಯಿತು!

ಆಮೇಲೆ ಪಾಠವನ್ನು ಸುರಕ್ಷಿತ ಎತ್ತರಕ್ಕೆ ಒಯ್ದರು. ಆ ವಿಮಾನದ ಕನಿಷ್ಠ ನಿಯಂತ್ರಣ ವೇಗವನ್ನು ಗಂಟೆಗೆ 80 ಮೈಲಿಯಿಂದ 90 ಮೈಲಿಗೆ ಏರಿಸಿದರು. 1970ರಲ್ಲಿ ಎರಡು ಪ್ರೊಪೆಲ್ಲರ್‌ಗಳು ವಿರುದ್ಧ ದಿಕ್ಕಿನಲ್ಲಿ ತಿರುಗುವ ಮಾದರಿಯನ್ನು ತಂದರು.

ವಿಮಾ ಕಂಪನಿಗಳು ಅಪಘಾತಗಳ ಲೆಕ್ಕವನ್ನು ಮರೆಯುವುದಿಲ್ಲ. ಪೈಲಟ್ ಒಟ್ಟು ಎಷ್ಟು ಗಂಟೆ ಹಾರಿದ್ದಾನೆ, ಅದರಲ್ಲಿ ಎರಡು ಎಂಜಿನ್‌ಗಳ ವಿಮಾನದಲ್ಲಿ ಎಷ್ಟು, ಇದೇ ಮಾದರಿಯಲ್ಲಿ ಎಷ್ಟು ಎಂದು ಕೇಳುತ್ತವೆ. ಶಿಕ್ಷಕರಿಲ್ಲದೆ ವಿಮಾನವನ್ನು ಬಾಡಿಗೆಗೆ ಕೊಡಲು ಅನೇಕ ವೇಳೆ ಒಪ್ಪುವುದಿಲ್ಲ. ಅನುಭವವಿಲ್ಲದೆ ವಿಮಾನ ಸಿಗದು, ವಿಮಾನವಿಲ್ಲದೆ ಅನುಭವ ಬಾರದು. ಈಜು ಬಂದ ಮೇಲೆ ನೀರಿಗಿಳಿ ಎಂದಂತಾಯಿತು ವಿದ್ಯಾರ್ಥಿಯ ಪಾಡು.

ಹಣದ ಲೆಕ್ಕವೂ ವಿಚಿತ್ರವಾದುದು. ಗಾಲಿಗಳನ್ನು ಇಳಿಸಲು ಮರೆತು ನೆಲಕ್ಕಿಳಿದರೆ ಸಾಮಾನ್ಯವಾಗಿ ಎರಡು ಪ್ರೊಪೆಲ್ಲರ್‌ಗಳೂ ಬಾಗುತ್ತವೆ. ಎರಡು ಎಂಜಿನ್‌ಗಳನ್ನೂ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ. ವಿಮಾನ ಹಳೆಯದಾದಂತೆ ಅದರ ಬೆಲೆ ಇಳಿಯಬಹುದು, ದುರಸ್ತಿಯ ಬೆಲೆ ಇಳಿಯುವುದಿಲ್ಲ. ಯಾರಿಗೂ ಗಾಯವಾಗದಿದ್ದರೂ ವಿಮಾನವು ಪೂರ್ಣ ನಷ್ಟವೆಂದು ಬರೆಸಿಕೊಳ್ಳಬಹುದು.

1994ರಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿತು. 18 ವರ್ಷ ದಾಟಿದ ಸಣ್ಣ ವಿಮಾನದ ಅಪಘಾತಕ್ಕೆ, ಕೆಲವು ಸಂದರ್ಭಗಳನ್ನು ಬಿಟ್ಟರೆ, ತಯಾರಕರ ಮೇಲೆ ದಾವೆ ಹೂಡುವಂತಿಲ್ಲ. ಬಹುಮಟ್ಟಿಗೆ ಕುಸಿದಿದ್ದ ಸಣ್ಣ ವಿಮಾನಗಳ ತಯಾರಿಕೆ ಇದರಿಂದ ಚೇತರಿಸಿಕೊಂಡಿತು. ಆದರೆ ನೊಂದವರು ಪರಿಹಾರ ಕೇಳಲು ಉಳಿದವರು ಮಾಲೀಕ, ಹಾರಾಟ ಶಾಲೆ, ಶಿಕ್ಷಕ ಮತ್ತು ದುರಸ್ತಿ ಮಾಡಿದವರು. ವಿಮೆಯ ಅಗತ್ಯ ಇನ್ನಷ್ಟು ಹೆಚ್ಚಿತು.

ಪೈಲಟ್ ಆಗಲು ಅಮೆರಿಕಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳೂ ಈ ಷರತ್ತುಗಳನ್ನು ಎದುರಿಸಬೇಕಾಗುತ್ತದೆ. ಬೇಸರ ತರುವ ಆ ಗಂಟೆಗಳ ಲೆಕ್ಕದ ಹಿಂದೆ, ಕಲಿಯಲು ಹೋಗಿ ಹಿಂದಿರುಗದವರ ಕಥೆಯಿದೆ ಎಂಬುದನ್ನು ಅವರು ಮರೆಯಬಾರದು.