ಕುರುಡುಮಲೆಯ ಐತಿಹ್ಯ, ಪರಮಾಣುಬಂಧ ಮತ್ತು ಅರ್ಧಚ್ಛೇದ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಗೆ ‘ಕೂಡುಮಲೆ’ ಎಂಬುದು ಮೂಲ ಹೆಸರೆಂದು ಸ್ಥಳೀಯರು ಹೇಳುವುದುಂಟು. ತ್ರಿಪುರ ಸಂಹಾರಕ್ಕೆ ಮುನ್ನ ತ್ರಿಮೂರ್ತಿಗಳು ಅಲ್ಲಿ ಕೂಡಿ, ಹದಿಮೂರಡಿಗೂ ಮಿಕ್ಕ ಏಕಶಿಲಾ ಗಣಪತಿಯನ್ನು ಪ್ರತಿಷ್ಠಿಸಿದರೆಂಬುದು ಐತಿಹ್ಯ. ತ್ರಿಪುರಗಳು ಆಕಾಶಚಾರಿಗಳಾದ್ದರಿಂದ ಅವನ್ನು ಅಂತರಿಕ್ಷ ನಿಲ್ದಾಣಗಳೆಂದು ಅರ್ಥೈಸುವವರಿದ್ದಾರೆ. ಆದರೆ ಈ ಕಥೆಯ ಒತ್ತು ಪುರಗಳ ಮೇಲಿಲ್ಲ. ಕಾರ್ಯಾರಂಭದಲ್ಲಿ ದೇವತೆಗಳೂ ವಿಘ್ನೇಶ್ವರನಿಗೆ ತಲೆಬಾಗಿದರೆಂಬುದರ ಮೇಲಿದೆ. ಹೊಸ ಕೆಲಸಕ್ಕೆ ಕೈಹಾಕುವವರು ಇಂದಿಗೂ ಅಲ್ಲಿಗೆ ಬರುವುದು ಆ ಅರ್ಥವನ್ನು ನಂಬಿಯೇ.

ಪುರಾಣಕ್ಕೆ ಒದಗಿದ ಈ ತೊಡಕು ನಮ್ಮ ಶಾಸ್ತ್ರಗ್ರಂಥಗಳಿಗೂ ಒದಗಿದೆ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಪರಮಾಣುಗಳ ಬಂಧಕ್ಕೆ ಸ್ನಿಗ್ಧತ್ವ, ರೂಕ್ಷತ್ವಗಳನ್ನು ಕಾರಣವಾಗಿ ಹೇಳುತ್ತದೆ. ಇವೇ ಧನ ಮತ್ತು ಋಣ ವಿದ್ಯುತ್ತುಗಳೆಂದು ಬರೆದವರುಂಟು. ಉತ್ಸಾಹ ಸಹಜವೇ, ಆದರೆ ಮುಂದಿನ ಸೂತ್ರಗಳನ್ನೂ ಓದಬೇಕಷ್ಟೆ. ಜಘನ್ಯಗುಣವುಳ್ಳವು ಬಂಧಕ್ಕೊಳಗಾಗವು, ಗುಣಾಂಶದಲ್ಲಿ ಎರಡು ಹೆಚ್ಚಿದ್ದರೆ ಬಂಧವುಂಟು. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ಪ್ರಕಾರ ಎರಡು ಅಂಶದ ಸ್ನಿಗ್ಧವು ನಾಲ್ಕು ಅಂಶದ ಸ್ನಿಗ್ಧದೊಡನೆಯೇ ಕೂಡಬಲ್ಲದು. ಸಜಾತೀಯ ವಿದ್ಯುತ್ತುಗಳಾದರೋ ಒಂದನ್ನೊಂದು ದೂಡುತ್ತವೆ. ಸಾಮ್ಯವು ಅಲ್ಲಿಗೇ ಮುರಿಯಿತು. ಮೇಲಾಗಿ, ಈ ಪರಮಾಣುವಿಗೆ ವರ್ಣ, ಗಂಧ, ರಸ, ಸ್ಪರ್ಶಗಳಿವೆ. ಭೌತಶಾಸ್ತ್ರದ ಅಣುವಿಗೆ ಅವಿಲ್ಲ. ಆದರೂ ಸೂತ್ರಕಾರರ ಹಿರಿಮೆ ಕುಂದಲಿಲ್ಲ. ಕೂಡುವುದಕ್ಕೂ ಕೂಡದಿರುವುದಕ್ಕೂ ಸಂಖ್ಯಾನಿಯಮವೊಂದನ್ನು ಅವರು ಹುಡುಕಿದರೆಂಬುದು ವಿದ್ಯುತ್ತಿನ ಹಂಗಿಲ್ಲದೆಯೇ ಗಮನಾರ್ಹ.

ಇದಕ್ಕೆ ಪ್ರತಿಯಾಗಿ, ಆಧುನಿಕ ಅರ್ಥವನ್ನು ಗ್ರಂಥವೇ ಒಪ್ಪುವ ನಿದರ್ಶನವೂ ಇದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಡವಾಲೆಗಳಲ್ಲಿ ಉಳಿದುಬಂದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ‘ಅರ್ಧಚ್ಛೇದ’ವನ್ನು ಬಳಸಿದ್ದಾರೆ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ. ಎಂಟಕ್ಕೆ ಮೂರು, ಹದಿನಾರಕ್ಕೆ ನಾಲ್ಕು. ಎರಡು ರಾಶಿಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತವೆಂಬ ನಿಯಮವೂ ಅಲ್ಲಿದೆ. 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗತೊಡಗಿದ ಮೇಲೆ, ಗಣಿತಜ್ಞ ಅವಧೇಶ ನಾರಾಯಣ ಸಿಂಗರು ಇದನ್ನು ಎರಡನ್ನು ಆಧಾರವಾಗುಳ್ಳ ಲಘುಗಣಕವೆಂದು ಗುರುತಿಸಿದರು. ಇಲ್ಲಿ ಹೊಂದಿಕೆಯಾದದ್ದು ಪದವಲ್ಲ, ಕ್ರಿಯೆ. ಮೂರರಿಂದಲೂ ನಾಲ್ಕರಿಂದಲೂ ಹೀಗೆಯೇ ಭಾಗಿಸುವ ತ್ರಿಕಚ್ಛೇದ, ಚತುರ್ಥಚ್ಛೇದಗಳನ್ನು ಟೀಕಾಕಾರರು ಹೇಳಿರುವುದರಿಂದ ಅದು ಆಕಸ್ಮಿಕವೆನ್ನಲೂ ಬಾರದು.