ಕೈಗೂಸಿನೊಡನೆ ಹೊಟೇಲಿಗೆ: ಮಹಾನಗರದ ಕನ್ನಡ ಕುಟುಂಬಗಳಿಗೊಂದು ಕೈಪಿಡಿ

ಮುಂಬಯಿ, ಪುಣೆ, ಚೆನ್ನೈ ಮೊದಲಾದ ಮಹಾನಗರಗಳಲ್ಲಿ ನೆಲೆನಿಂತ ಕನ್ನಡಿಗರ ಬದುಕಿನಲ್ಲಿ ಹೊಟೇಲಿಗೆ ಎರಡು ಬಗೆಯ ಸ್ಥಾನವಿದೆ. ನಮ್ಮಲ್ಲಿ ಅನೇಕರಿಗೆ ಅದು ಅನ್ನದ ದಾರಿ. ಉಳಿದವರಿಗೆ ಊರಿನ ರುಚಿ ದೊರೆಯುವ ತಾಣ. ಭಾನುವಾರ ಬೆಳಿಗ್ಗೆ ಮಾಟುಂಗಕ್ಕೆ ಹೋಗಿ ಇಡ್ಲಿ-ವಡೆ ತಿಂದು, ಹೂವು-ತರಕಾರಿ ಕೊಂಡು ಮರಳುವ ವಾಡಿಕೆಯನ್ನು ಮೂರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಮನೆಗಳಿವೆ. ಮನೆಯಲ್ಲಿ ಮಗು ಹುಟ್ಟಿದೊಡನೆ ಈ ವಾಡಿಕೆ ನಿಂತುಹೋಗುತ್ತದೆ. ಅಜ್ಜ-ಅಜ್ಜಿ ಊರಿನಲ್ಲಿ, ಮಗುವಿನ ತಂದೆ ಕಚೇರಿಯಲ್ಲಿ. ಎಳೆಯ ತಾಯಿ ತಿಂಗಳುಗಟ್ಟಲೆ ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ. ಎಂದಾದರೊಮ್ಮೆ ಹೊರಟರೂ ಮಗುವನ್ನು ಸಂತೈಸುವುದರಲ್ಲೇ ಹೊತ್ತು ಕಳೆದು, ಆರಿ ತಣ್ಣಗಾದ ದೋಸೆಯೇ ಅವಳ ಪಾಲಿಗೆ ಉಳಿಯುತ್ತದೆ.

ಹೋಗಬಾರದೆಂದು ನಾವು ಹೇಳುವುದಿಲ್ಲ. ಹೋಗಬೇಕೆಂದೇ ನಮ್ಮ ಅಭಿಪ್ರಾಯ. ಆದರೆ ಮಗುವಿನ ಊಟವೆಂದರೆ ದೊಡ್ಡವರ ತಟ್ಟೆಯಿಂದ ಎತ್ತಿಕೊಟ್ಟ ಒಂದು ತುತ್ತು ಎಂದು ಬಗೆಯುವುದು ಸರಿಯಲ್ಲ. ಅದಕ್ಕೆ ಪ್ರತ್ಯೇಕ ಯೋಚನೆ ಬೇಕು.

ಮೊದಲು ಹೊತ್ತಿನ ಮಾತು. ನಮ್ಮ ಹಳೆಯ ಹೊಟೇಲುಗಳು ಮಕ್ಕಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದವಲ್ಲ. 1942ರಲ್ಲಿ ಆರಂಭವಾದ ಮಾಟುಂಗದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದು ಮೊದಲ ಮಹಡಿಯಲ್ಲಿ. ತಳ್ಳುಗಾಡಿಯನ್ನು ನೆಚ್ಚಿ ಅಲ್ಲಿಗೆ ಹೋಗುವಂತಿಲ್ಲ, ಮಗುವನ್ನು ಎತ್ತಿಕೊಂಡೇ ಹತ್ತಬೇಕು. 1940ರಷ್ಟು ಹಳೆಯದಾದ ಕೆಫೆ ಮದ್ರಾಸಿನ ಮುಂದೆ ಭಾನುವಾರ ಕಾಣುವ ಸಾಲು ಎಲ್ಲರಿಗೂ ಗೊತ್ತು. ಹಸಿದ ಕೂಸಿಗೆ ಸಾಲಿನಲ್ಲಿ ನಿಲ್ಲುವ ಸಹನೆಯಿರುವುದಿಲ್ಲ. ಆದುದರಿಂದ ಬೆಳಗಿನ ತಿಂಡಿಗಾದರೆ ಬಾಗಿಲು ತೆರೆದ ಮೊದಲ ಗಂಟೆಯಲ್ಲಿ, ಮಧ್ಯಾಹ್ನವಾದರೆ ಹನ್ನೆರಡಕ್ಕೆ ಮುಂಚೆ, ರಾತ್ರಿಯಾದರೆ ಏಳು ಗಂಟೆಗೆ ಹೋಗುವುದು ಲೇಸು. ಮಗು ನಿದ್ದೆ ಮುಗಿಸಿ ಎದ್ದ ಮೇಲಿನ ಹೊತ್ತನ್ನು ಆರಿಸಿಕೊಂಡರೆ ಅರ್ಧ ತೊಂದರೆ ಅಲ್ಲಿಗೇ ಕಳೆಯಿತು.

ಒಂದು ಕಾಲದಲ್ಲಿ ಅನೇಕ ಹೊಟೇಲುಗಳಲ್ಲಿ ಪರದೆ ಅಥವಾ ಮರದ ಅಡ್ಡತಟ್ಟಿಯ ‘ಫ್ಯಾಮಿಲಿ ರೂಮ್’ ಇರುತ್ತಿತ್ತು. ಹೆಂಗಸರು ಗಂಡಸರೊಡನೆ ಒಂದೇ ಸಾಲಿನಲ್ಲಿ ಕುಳಿತು ತಿನ್ನಲು ಸಂಕೋಚಪಡುತ್ತಿದ್ದ ದಿನಗಳ ಏರ್ಪಾಡು ಅದು. ಆ ಸಂಕೋಚ ಹೋದದ್ದು ಒಳ್ಳೆಯದೇ. ಆದರೆ ಕೋಣೆಯೂ ಹೋಗಿ, ಕೂಸಿಗೆ ಹಾಲೂಡಿಸಲು ಇದ್ದ ಒಂದು ಮೂಲೆಯೂ ಹೋಯಿತು. ಚೆನ್ನೈಯ ಕನ್ನಡಿಗರು ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೊಟೇಲನ್ನು ಮರೆತಿರಲಾರರು. ಉಡುಪಿ ಕಡೆಯ ಕೆ. ಕೃಷ್ಣರಾಯರ ಆ ಹೊಟೇಲು 1962ರಿಂದ 2008ರವರೆಗೆ ನಡೆಯಿತು. ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿ, ಕಾರಿನೊಳಗೇ ಕುಳಿತು ತಿನ್ನಬಹುದಾಗಿದ್ದ ಆ ಏರ್ಪಾಡಿಗಿಂತ ಕೂಸಿನ ತಾಯಿಗೆ ಅನುಕೂಲವಾದುದು ಇನ್ನೊಂದಿಲ್ಲ. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಹಾಲೂಡಿಸುವ ವಿಷಯದಲ್ಲಿ ತಾಯಂದಿರು ಅಳುಕಬೇಕಾಗಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಎದೆಹಾಲು ಕೊಡುವುದನ್ನು ಕಳಂಕವೆಂಬಂತೆ ಕಾಣಬಾರದೆಂಬ ಮಾತನ್ನು ಸರ್ವೋಚ್ಚ ನ್ಯಾಯಾಲಯವೇ 2025ರ ಫೆಬ್ರವರಿಯಲ್ಲಿ ಹೇಳಿದೆ. ಗೋಡೆಯ ಕಡೆಯ ಬೆಂಚನ್ನು ಕೇಳಿ ಪಡೆದು, ಒಂದು ಹತ್ತಿಯ ದುಪಟ್ಟಾ ಜೊತೆಗಿಟ್ಟುಕೊಂಡರೆ ಸಾಕು. ಶೌಚಾಲಯಕ್ಕೆ ಹೋಗಿ ಊಡಿಸುವಂತೆ ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ನಾವು ಊಟ ಮಾಡದ ಜಾಗದಲ್ಲಿ ಮಗುವೂ ಮಾಡಬೇಕಾಗಿಲ್ಲ.

ಇನ್ನು ಆಹಾರ. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನೂ, ನೀರು ಕೂಡ, ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆರು ತಿಂಗಳ ಬಳಿಕ ನುಣ್ಣಗೆ ಮಸೆದ ಆಹಾರ, ಎಂಟು ತಿಂಗಳ ಹೊತ್ತಿಗೆ ಮಗು ತಾನೇ ಬೆರಳಲ್ಲಿ ಹಿಡಿದು ತಿನ್ನಬಲ್ಲ ಮೆತ್ತನೆಯ ತುಂಡುಗಳು, ವರ್ಷ ತುಂಬುವಾಗ ಮನೆಯವರೆಲ್ಲ ಉಣ್ಣುವ ಊಟವೇ ಮೆದುವಾಗಿ. ಈ ದೃಷ್ಟಿಯಿಂದ ನೋಡಿದರೆ ಉಡುಪಿ ಹೊಟೇಲಿನಷ್ಟು ಮಗುವಿಗೆ ಒಗ್ಗುವ ಹೊಟೇಲು ಜಗತ್ತಿನಲ್ಲೇ ಅಪರೂಪವೆಂದು ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇವೆ. ಇಡ್ಲಿಯನ್ನೇ ನೋಡಿ: ಅಕ್ಕಿ-ಉದ್ದು ಎರಡೂ ಸೇರಿ ಹುದುಗಿದ, ಎಣ್ಣೆಯಿಲ್ಲದ, ಹಬೆಯಲ್ಲಿ ಬೆಂದ ತಿಂಡಿ, ಹಲ್ಲಿಲ್ಲದ ಬಾಯಿಯಲ್ಲೂ ಕರಗುತ್ತದೆ, ಕೂಸಿನ ಮುಷ್ಟಿಗೂ ಸಿಗುತ್ತದೆ. ನೀರುದೋಸೆ, ಮೆತ್ತಗೆ ಹಿಸುಕಿದ ಮೊಸರನ್ನ, ತುಪ್ಪ ಹಾಕಿದ ಅನ್ನ, ಒಗ್ಗರಣೆ ಬೀಳುವ ಮುಂಚಿನ ಬೇಳೆಯ ತಿಳಿ, ಇವೆಲ್ಲ ಒಳ್ಳೆಯವೇ. ಬೇಳೆಯ ತಿಳಿಯನ್ನು ಕೇಳಲು ಮುಜುಗರ ಬೇಡ. ಅಡುಗೆಮನೆಯಲ್ಲಿ ಬೆಂದ ಬೇಳೆ ಇದ್ದೇ ಇರುತ್ತದೆ. ತಿಂಡಿಗೆ ಹೇಳುವಾಗಲೇ ಒಂದು ಮಾತು ಹೇಳಿದರಾಯಿತು, ಸಾಂಬಾರಿಗೆ ಮಸಾಲೆ ಬಿದ್ದ ಮೇಲಲ್ಲ.

ತೊಡಕಿರುವುದು ಇಡ್ಲಿಯ ಸುತ್ತಲಿನ ವಸ್ತುಗಳಲ್ಲಿ. ಒಂದು ವರ್ಷದೊಳಗಿನ ಮಗುವಿಗೆ ದಿನವಿಡೀ ಸೇರಿ 1 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಸಪಾಟಾದ ಒಂದು ಟೀ ಚಮಚೆಯಲ್ಲಿ ಸುಮಾರು 6 ಗ್ರಾಂ ಹಿಡಿಯುತ್ತದೆಂದರೆ ಈ ಅಳತೆ ಎಷ್ಟು ಚಿಕ್ಕದೆಂದು ತಿಳಿದೀತು. ಇಡ್ಲಿಯ ಹಿಟ್ಟಿನಲ್ಲೇ ಉಪ್ಪಿರುತ್ತದೆ. ಅಪರೂಪಕ್ಕೊಮ್ಮೆ ಅರ್ಧ ಇಡ್ಲಿ ತಿಂದರೆ ಆತಂಕಪಡಬೇಕಾಗಿಲ್ಲ, ಆದರೆ ಅದರ ಮೇಲೆ ಸಾಂಬಾರು, ಚಟ್ನಿ, ಉಪ್ಪಿನಕಾಯಿಯ ರಸ ಬೇಡ. ಕಾಯಿಚಟ್ನಿ ಮುಂಬಯಿಯ ಸೆಕೆಯಲ್ಲಿ ಬೇಗ ಹಳಸುತ್ತದೆಂಬುದೂ ನೆನಪಿರಲಿ. ಸಕ್ಕರೆಯನ್ನು ಎರಡು ವರ್ಷದವರೆಗೆ ದೂರವಿಡಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಹಣ್ಣಿನ ರಸವೂ ಆ ವಯಸ್ಸಿನವರೆಗೆ ಬೇಡ. ಶಿರಾ, ಜಿಲೇಬಿ, ಫಾಲೂದಾ ಕಾಯಬಲ್ಲವು.

ಇಲ್ಲಿ ಅಜ್ಜಿಯಂದಿರಿಗೆ ಒಂದು ವಿನಂತಿ. ಬೆರಳ ತುದಿಯಲ್ಲಿ ಜೇನು ನೆಕ್ಕಿಸುವುದು, ತಾಟಿಗೆ ಸುರಿದ ಕಾಫಿಯಿಂದ ಒಂದು ಗುಟುಕು ಕೊಡುವುದು ನಮ್ಮ ಮನೆಗಳಲ್ಲಿ ಪ್ರೀತಿಯ ರೂಢಿ. ನಮ್ಮನ್ನೆಲ್ಲ ಹಾಗೆಯೇ ಬೆಳೆಸಿದರು. ಆದರೆ ಜೇನಿನಲ್ಲಿ ಕೆಲವೊಮ್ಮೆ ಬೊಟುಲಿಸಂ ರೋಗದ ಬೀಜಾಣುಗಳಿರುತ್ತವೆ. ದೊಡ್ಡವರ ಕರುಳು ಅವನ್ನು ತಡೆಯುತ್ತದೆ, ಒಂದು ವರ್ಷದೊಳಗಿನ ಕೂಸಿನ ಕರುಳು ತಡೆಯಲಾರದು. ಆದ್ದರಿಂದ ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಕಾಫಿ-ಚಹಾಗಳು ಎಳೆಯ ಮಕ್ಕಳಿಗೆ ಕೂಡದು. ಸೊಸೆ ಅಥವಾ ಮಗಳು ಬೇಡವೆಂದಾಗ ಅದು ಹಿರಿಯರಿಗೆ ಮಾಡಿದ ಅನಾದರವಲ್ಲ. ಜಗಳವು ಹೊಟೇಲಿನ ಮೇಜಿಗೆ ಬರುವ ಮುನ್ನ ಮನೆಯಲ್ಲೇ ಇದನ್ನು ಮಾತಾಡಿಕೊಂಡು ಹೊರಡುವುದು ಒಳ್ಳೆಯದು.

ಗಂಟಲಲ್ಲಿ ಸಿಕ್ಕುವ ವಸ್ತುಗಳನ್ನು ಬಲ್ಲಿರಾದರೆ ಅರ್ಧ ರಕ್ಷಣೆ ಆದಂತೆಯೇ. ಪೊಂಗಲಿನ ಕಾಳುಮೆಣಸು, ಉಪ್ಪಿಟ್ಟಿನ ಗೋಡಂಬಿ, ಚಿತ್ರಾನ್ನದ ಶೇಂಗಾ, ವಡೆಯೊಳಗಿನ ಕೊಬ್ಬರಿ ಚೂರು, ಒಗ್ಗರಣೆಯ ಕಡಲೆಬೇಳೆ ಮತ್ತು ಕರಿಬೇವು: ಇವನ್ನು ಬೆರಳಿಂದ ಆರಿಸಿ ತೆಗೆದ ಮೇಲೆಯೇ ತುತ್ತು ಕೊಡಬೇಕು. ಇಡಿಯಾದ ಬೀಜಗಳನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಯಾರೂ ಲಕ್ಷಿಸದ ಇನ್ನೊಂದು ಅಪಾಯ ಬಿಲ್ಲಿನ ಜೊತೆಗೆ ಬರುತ್ತದೆ. ಬಟ್ಟಲಿನ ಬಡೆಸೋಪು, ಕಲ್ಲುಸಕ್ಕರೆ, ಹಲ್ಲುಕಡ್ಡಿಗಳು ಎರಡು ವರ್ಷದ ಮಗುವಿನ ಕೈಗೆಟಕುವಲ್ಲೇ ಇರುತ್ತವೆ. ದೊಡ್ಡವರು ಆಗ ದುಡ್ಡು ಎಣಿಸುತ್ತಿರುತ್ತಾರೆ. ಗಲ್ಲಾದಲ್ಲಿ ಕುಳಿತವರು ಅಕ್ಕರೆಯಿಂದ ಕೊಡುವ ಪೆಪ್ಪರಮಿಂಟನ್ನು ತಂದೆಯ ಜೇಬಿಗೆ ಸೇರಿಸಿಬಿಡಿ.

ಮಗುವಿಗೆ ಸಿಕ್ಕಿಕೊಂಡೇಬಿಟ್ಟರೆ ಹೀಗೆ ಮಾಡಬೇಕು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಹೊರಡದೆ, ಉಸಿರು ಕಟ್ಟಿದ್ದರೆ, ಒಂದು ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಮಲಗಿಸಿ, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ತಟ್ಟಬೇಕು. ಬಳಿಕ ಮಗುಚಿ ಎದೆಯ ನಡುವೆ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಇವೆರಡನ್ನೂ ಸರದಿಯಂತೆ ಮುಂದುವರಿಸಬೇಕು. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ಐದು ಏಟಿನ ನಂತರ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲ್ಭಾಗದಲ್ಲಿ ಒಳಮುಖವಾಗಿ ಮೇಲಕ್ಕೆ ಐದು ಸಲ ಒತ್ತಬೇಕು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು, ಅದು ಇನ್ನಷ್ಟು ಒಳಗೆ ಸರಿಯುತ್ತದೆ. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108 ಅಥವಾ 112ಕ್ಕೆ ಕರೆಮಾಡಲಿ. ಓದಿದ್ದು ಸಾಲದು, ಮಕ್ಕಳ ವೈದ್ಯರಲ್ಲಿಗೆ ಚುಚ್ಚುಮದ್ದಿಗೆ ಹೋದಾಗ ಒಮ್ಮೆ ತೋರಿಸಿಕೊಡುವಂತೆ ಕೇಳಿ.

ನಮ್ಮ ಹೊಟೇಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದುದು ಬಿಸಿಗೆ. ಕುದಿಯುವ ಸಾಂಬಾರು, ಲೋಟದ ಬಾಯಿಯವರೆಗೆ ತುಂಬಿದ ಫಿಲ್ಟರ್ ಕಾಫಿ ನಮಗೆ ಹಿತ. ಕೂಸಿನ ತೊಗಲು ಬಹಳ ತೆಳು, ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ. ಮಾಣಿಗಳು ಓಡಾಡುವ ದಾರಿಯ ಬದಿಗೆ, ಅಡುಗೆಮನೆಯ ಬಾಗಿಲಿಗೆ ಮಗುವನ್ನು ಕೂರಿಸಬಾರದು. ಮಗು ತೊಡೆಯ ಮೇಲಿರುವಾಗ ಕಾಫಿ ಕುಡಿಯಬಾರದು. ಬಿಸಿ ಬಟ್ಟಲುಗಳು ಮೇಜಿನ ನಟ್ಟನಡುವೆ ಇರಲಿ. ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಆ ಭಾಗದ ಬಟ್ಟೆ, ಬಳೆಗಳನ್ನು ತೆಗೆಯಬೇಕು, ತೊಗಲಿಗೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬಾರದು. ಮೈಯ ಉಳಿದ ಭಾಗ ಬೆಚ್ಚಗಿರಲಿ. ತುಪ್ಪ, ಟೂತ್‌ಪೇಸ್ಟ್, ಮಂಜುಗಡ್ಡೆ ಇವುಗಳಲ್ಲಿ ಯಾವುದೂ ಬೇಡ. ಬಳಿಕ ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ.

ಜೊತೆಗೊಯ್ಯುವ ಸಾಮಾನು ಹೆಚ್ಚೇನೂ ಬೇಡ: ಕುದಿಸಿ ಆರಿಸಿದ ನೀರು, ಮಗುವಿನ ಸ್ವಂತ ಚಮಚೆ-ಬಟ್ಟಲು, ಎರಡು ಹಳೆಯ ಪಂಚೆಯ ತುಂಡು, ಬದಲಿ ಬಟ್ಟೆ, ಮಲಗಿಸಲು ಒಂದು ರಬ್ಬರು ಹಾಳೆ. ಡಯಾಪರನ್ನು ಊಟದ ಮೇಜು-ಬೆಂಚುಗಳ ಮೇಲೆ ಬದಲಿಸುವುದು ಪಕ್ಕದವರಿಗೆ ಮಾಡುವ ಅನ್ಯಾಯ. ಇನ್ನು ಮೊಬೈಲು. ಮಗು ತೆಪ್ಪಗಿರಲೆಂದು ಅದನ್ನು ಕೈಗಿತ್ತರೆ ತಾನೇನು ತಿಂದೆನೆಂಬುದೇ ಮಗುವಿಗೆ ತಿಳಿಯುವುದಿಲ್ಲ. ಸ್ಟೀಲು ಲೋಟ, ಒಂದು ಚಮಚೆ ಅದಕ್ಕಿಂತ ಒಳ್ಳೆಯ ಆಟಿಕೆಗಳು.

ಊಟದ ಸರದಿಯ ಬಗೆಗೆ ನಾವು ಒತ್ತಿ ಹೇಳುತ್ತೇವೆ. ಎಲ್ಲರಿಗೂ ಒಟ್ಟಿಗೆ ತಿಂಡಿ ತರಿಸಬೇಡಿ. ಮೊದಲು ಮಗುವಿಗೆ, ಬಳಿಕ ತಾಯಿಗೆ. ಅವಳು ಬಿಸಿಬಿಸಿಯಾಗಿ ತಿಂದು ಮುಗಿಸುವವರೆಗೆ ಮಗು ತಂದೆಯ ಅಥವಾ ಅಜ್ಜನ ಕೈಯಲ್ಲಿರಲಿ; ಅವರ ಮಸಾಲೆದೋಸೆ ಆಮೇಲೆ ಬರಲಿ. ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತುಕೊಳ್ಳುವ ಅವಳ ರೂಢಿಯನ್ನು ಹೊಟೇಲಿಗೂ ಹೊತ್ತು ತರಬೇಕೇಕೆ?

ನಮ್ಮ ಓದುಗರಲ್ಲಿ ಹೊಟೇಲು ಉದ್ಯಮದವರೇ ಬಹಳ ಮಂದಿ ಇರುವುದರಿಂದ ಅವರಿಗೂ ಎರಡು ಮಾತು. ಸೊಂಟಪಟ್ಟಿಯಿರುವ ಎತ್ತರದ ಕುರ್ಚಿ ಒಂದಾದರೂ ಇರಲಿ, ಪಟ್ಟಿ ಹರಿದಿದ್ದರೆ ಅದು ಇಲ್ಲದಿರುವುದೇ ಲೇಸು. ಕೈತೊಳೆಯುವ ತೊಟ್ಟಿಯ ಪಕ್ಕದಲ್ಲಿ ಗೋಡೆಗೆ ಮಡಚುವ ಹಲಗೆಯೊಂದನ್ನು ಹೊಡೆಸಿದರೆ ತಾಯಂದಿರು ನಿಮ್ಮ ಹೆಸರು ಹೇಳಿಕೊಂಡು ಬರುತ್ತಾರೆ. ಕೂಸಿರುವ ಮೇಜಿಗೆ ಸಾಂಬಾರನ್ನು ತುಳುಕುವಷ್ಟು ತುಂಬಿ ತಾರದಂತೆ ಮಾಣಿಗಳಿಗೆ ತಿಳಿಸಿ. ಖಾಲಿ ಇಡ್ಲಿಯನ್ನು ಮೊದಲು ಕಳಿಸಿ. ಹಸಿದ ಮಗು ಸುಮ್ಮನಾದರೆ ಉಳಿದ ಹತ್ತು ಮೇಜುಗಳಿಗೂ ನೆಮ್ಮದಿ. ಸಾಲಿನಲ್ಲಿ ಕೈಗೂಸು ಕಂಡರೆ ಮುಂದೆ ಕರೆಯಿರಿ, ಆಕ್ಷೇಪಿಸುವ ಗಿರಾಕಿ ನೂರಕ್ಕೊಬ್ಬ.

ಎಷ್ಟೇ ಜಾಗ್ರತೆ ವಹಿಸಿದರೂ ಮಗು ಅನ್ನ ಚೆಲ್ಲುತ್ತದೆ. ಏಳುವ ಮುನ್ನ ಮೇಜಿನ ಮೇಲಿನ ಅಗುಳನ್ನು ಒಂದು ತಟ್ಟೆಗೆ ಕೂಡಿಸಿ, ಬಗ್ಗಿ ಕೆಳಗಿನದನ್ನೂ ಎತ್ತಿ. ಮೇಜು ಒರೆಸುವ ಹುಡುಗನ ಕೈಗೆ ಬಿಲ್ಲಿನ ಹೊರತಾಗಿ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಿ. ಮುಂದಿನ ಭಾನುವಾರ ಅವನೇ ನಿಮಗೆ ಗೋಡೆಯ ಕಡೆಯ ಬೆಂಚು ಹಿಡಿದಿಟ್ಟಿರುತ್ತಾನೆ.