ಮುಂಬಯಿಯಿಂದ ಮಂಗಳೂರಿಗೆ ಹೋದ ಕಲ್ಲಚ್ಚು

ಹದಿನೈದು ವರ್ಷಗಳ ಹಿಂದಿನ ಮಾತು. ನಮ್ಮ ಸಂಘದ ವಾರ್ಷಿಕ ಸಂಚಿಕೆ ಅಚ್ಚಿಗೆ ಹೋಗಬೇಕಾಗಿದ್ದ ರಾತ್ರಿ ನಾನು ಮುಂಬಯಿಯ ಗಿರಗಾಂವದ ಒಂದು ಡಿಟಿಪಿ ಅಂಗಡಿಯಲ್ಲಿ ತಲೆಮೇಲೆ ಕೈಹೊತ್ತು ಕೂತಿದ್ದೆ. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲ ಸರಿಯಿತ್ತು. ಪ್ರಿಂಟ್ ತೆಗೆದರೆ ಒತ್ತಕ್ಷರಗಳೆಲ್ಲ ಮಾಯ. ಅಕ್ಕ ಹೋಗಿ ಅಕ, ಅಮ್ಮ ಹೋಗಿ ಅಮ, ಕೊನೆಗೆ ಕನ್ನಡವೂ ಕನಡ! ಅಂಗಡಿಯಾತ ಮರಾಠಿಯವ, ಕನ್ನಡದ ಒಂದಕ್ಷರ ಓದಲು ಬಾರದು. ಆದರೂ ಪರದೆಯನ್ನೂ ಕಾಗದವನ್ನೂ ಹೋಲಿಸಿ ನೋಡಿ, "ಸಾಹೇಬ, ಖಾಲಚಂ ಅಕ್ಷರ ಕುಠಂ ಗೇಲಂ?" ಎಂದ. ಕೆಳಗಿನ ಅಕ್ಷರ ಎಲ್ಲಿ ಹೋಯಿತು ಎಂದು. ಎರಡು ಗಂಟೆ ಒದ್ದಾಡಿದ ಮೇಲೆ ಉಪಾಯ ಹೇಳಿದವನೂ ಅವನೇ: ಅಕ್ಷರವನ್ನು ಅಕ್ಷರವಾಗಿ ಕಳಿಸುವುದೇ ಬೇಡ, ಇಡೀ ಪುಟವನ್ನು ಚಿತ್ರ ಮಾಡಿಬಿಡೋಣ. ಆಮೇಲೆ ಒಂದು ಕಾಮಾ ಕೂಡ ತಿದ್ದಲಾಗುವುದಿಲ್ಲ, ನೋಡಿಕೊಳ್ಳಿ ಎಂದೂ ಎಚ್ಚರಿಸಿದ.

ಎಷ್ಟೋ ವರ್ಷಗಳ ನಂತರ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನ ಚರಿತ್ರೆ ಓದುತ್ತಿದ್ದಾಗ ಆ ರಾತ್ರಿ ಮತ್ತೆ ನೆನಪಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಹೊರಟ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಬಂದದ್ದು ಮತಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆಯಿರಲಿಲ್ಲ. ಆದರೆ ಪ್ರಚಾರಕ್ಕೆ ಪುಸ್ತಕ ಬೇಕು, ಶಾಲೆಗೂ ಪುಸ್ತಕ ಬೇಕು, ಮಂಗಳೂರಿನಲ್ಲಿ ಕನ್ನಡ ಅಚ್ಚುಮಾಡುವ ಸಾಧನವೇ ಇಲ್ಲ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರಂಥ ಓದುಗುಳಿಗೆ ಇದು ಹೇಗಿದ್ದಿರಬೇಕು! ಆಗ ಸೂಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಮುಂಬಯಿಗೂ ಲಂಡನ್ನಿಗೂ ಸಮುದ್ರದಡಿಯ ತಂತಿ ಸಿಕ್ಕಿದ್ದು 1870ರಲ್ಲಿ. ಒಂದು ಯಂತ್ರ ಬೇಕೆಂದು ಊರಿಗೆ ಪತ್ರ ಬರೆದರೆ ಉತ್ತರಕ್ಕೇ ತಿಂಗಳುಗಟ್ಟಲೆ ಕಾಯಬೇಕು.

ಅಂಥ ಹೊತ್ತಿನಲ್ಲಿ ಹತ್ತಿರದ ದಾರಿ ಮುಂಬಯಿ. 1841ರಲ್ಲಿ ಮಿಷನ್ನಿನ ವೈಗ್ಲೆ ಎಂಬವರು ಇಲ್ಲಿಂದ ಒಂದು ಕಲ್ಲಚ್ಚಿನ ಯಂತ್ರವನ್ನೂ ಅದನ್ನು ನಡೆಸಲು ಇಬ್ಬರು ಮರಾಠಿ ಮುದ್ರಕರನ್ನೂ ಮಂಗಳೂರಿಗೆ ಕರೆದೊಯ್ದರು. ಮುಂಬಯಿಯಲ್ಲಿ ಆಗಲೇ ಕಲ್ಲಚ್ಚು ಬೇರೂರಿತ್ತು. ಗಣಪತ್ ಕೃಷ್ಣಾಜಿ ಎಂಬ ಮಹನೀಯರು 1831ರಲ್ಲೇ ಕಲ್ಲಿನಲ್ಲಿ ಪಂಚಾಂಗ ಅಚ್ಚುಹಾಕಿದ್ದರು. ಶಾಯಿಯಲ್ಲಿ ಪ್ರಾಣಿಯ ಕೊಬ್ಬು ಇರುತ್ತದೆಂದು ಮಡಿವಂತರು ಮುಟ್ಟದಿದ್ದಾಗ ಅವರು ತುಪ್ಪದ ಶಾಯಿ ಮಾಡಿದರೆಂಬ ಕಥೆಯೂ ಇಲ್ಲಿ ಚಾಲ್ತಿಯಲ್ಲಿದೆ.

ಕಲ್ಲಚ್ಚು ಎಂದರೆ ಕಲ್ಲಿನಲ್ಲಿ ಅಕ್ಷರ ಕೆತ್ತುವುದು ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಹಾಗಲ್ಲ. ಅಲ್ಲಿ ಕೆತ್ತನೆಯೇ ಇಲ್ಲ. ಜರ್ಮನಿಯ ಸೆನೆಫೆಲ್ಡರ್ 18ನೇ ಶತಮಾನದ ಕೊನೆಯಲ್ಲಿ ಕಂಡುಕೊಂಡ ಈ ವಿದ್ಯೆಯ ಗುಟ್ಟೆಲ್ಲ ಇರುವುದು ಎಣ್ಣೆಗೂ ನೀರಿಗೂ ಇರುವ ಹಗೆತನದಲ್ಲಿ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆಯಬೇಕು. ಅದಕ್ಕೆ ಗೋಂದು ಮತ್ತು ಆಮ್ಲದ ತೆಳು ಲೇಪ ಕೊಡಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಶಾಯಿಯ ರೋಲರ್ ಎಳೆದರೆ ಒದ್ದೆ ಜಾಗ ಶಾಯಿಯನ್ನು ತಳ್ಳುತ್ತದೆ, ಜಿಡ್ಡಿನ ಬರಹ ಹಿಡಿದುಕೊಳ್ಳುತ್ತದೆ. ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ. ಕಲ್ಲಿನ ಮೇಲೆ ನೇರ ಬರೆಯುವುದಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕು. ಇಲ್ಲವೇ ಲೇಪ ಹಚ್ಚಿದ ಕಾಗದದ ಮೇಲೆ ಸರಿಯಾಗಿ ಬರೆದು ಕಲ್ಲಿಗೆ ಇಳಿಸಬೇಕು. ಒಂದು ಪುಟ ಮುಗಿದ ಮೇಲೆ ಕಲ್ಲನ್ನು ಮರಳು ಹಾಕಿ ಉಜ್ಜಿ ಬರಹ ಅಳಿಸಿ ಇನ್ನೊಂದು ಪುಟಕ್ಕೆ ಬಳಸುತ್ತಿದ್ದರು.

ಕನ್ನಡಕ್ಕೆ ಇದು ಎಂಥ ಅನುಕೂಲ ಎಂಬುದು ಮೊಳೆ ಜೋಡಿಸಿದವರಿಗೆ ಗೊತ್ತು. ನನ್ನ ದೊಡ್ಡಪ್ಪ ಊರಿನಲ್ಲಿ ಮೂವತ್ತು ವರ್ಷ ಕಂಪೋಸಿಟರ್ ಆಗಿದ್ದರು. ಗುಣಿತಾಕ್ಷರ, ದೀರ್ಘ, ಒತ್ತು ಎಲ್ಲ ಸೇರಿ ಕನ್ನಡದ ಕೇಸಿನಲ್ಲಿ ನೂರಾರು ಖಾನೆ. ಇಂಗ್ಲಿಷಿನವನು ಕೂತಲ್ಲೇ ಮಾಡುವ ಕೆಲಸಕ್ಕೆ ಕನ್ನಡದವನು ನಡೆದಾಡಬೇಕು. "ಒತ್ತಿನ ಮೊಳೆ ಉಂಟಲ್ಲ ಮಾರಾಯ, ಅದು ಮಗುವಿನ ಕಿವಿ ಹಾಗೆ. ಸ್ವಲ್ಪ ಜೋರು ಮಾಡಿದರೆ ಮುರೀತದೆ" ಎನ್ನುತ್ತಿದ್ದರು. ಕಲ್ಲಿಗೆ ಈ ರಗಳೆಯೇ ಇಲ್ಲ. ಅದಕ್ಕೆ ಪುಟವೆಲ್ಲ ಒಂದು ಚಿತ್ರ. ಓಲೆಗರಿಯಲ್ಲಿ ಬರೆದು ಪಳಗಿದ ಕೈ ಹೇಗೆ ಬರೆದರೆ ಹಾಗೆ, ಒತ್ತಿಗೆ ಒತ್ತು, ಕೊಂಬಿಗೆ ಕೊಂಬು. ಗಿರಗಾಂವದ ಮನುಷ್ಯ ಆ ರಾತ್ರಿ ನನಗೆ ಹೇಳಿಕೊಟ್ಟದ್ದು ಬೇರೇನೂ ಅಲ್ಲ, ಇದನ್ನೇ.

1843ರ ಜುಲೈ 1ರಂದು ಈ ಕಲ್ಲಿನಿಂದಲೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ಸಂಪಾದಕರು ಮೋಗ್ಲಿಂಗ್. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ದಿನಾಂಕ ಗಮನಿಸಿ: ಹಪ್ಪಳವೂ ಒಣಗದ ನಮ್ಮೂರ ಮಳೆಗಾಲದ ನಟ್ಟನಡುವೆ! ಕಾಗದ ಹಸಿ, ಗೋಡೆ ಹಸಿ, ಕಡಲಿನ ಅಬ್ಬರಕ್ಕೆ ಪತ್ತೇಮಾರಿಗಳು ದಡದಲ್ಲಿ ಮಗುಚಿ ಮಲಗಿರುವ ಹೊತ್ತು. ಯಾವ ಬುದ್ಧಿವಂತನೂ ಆಗ ಪತ್ರಿಕೆ ಶುರುಮಾಡಲಾರ.

ಆದರೆ ಪಂಚಾಂಗಕ್ಕೆ ಒಗ್ಗಿದ ಕಲ್ಲು ಪತ್ರಿಕೆಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ಪಂಚಾಂಗವನ್ನು ಒಮ್ಮೆ ಬರೆದರೆ ವರ್ಷಕ್ಕಾಯಿತು. ಪತ್ರಿಕೆಯಲ್ಲಿ ಹಾಗಲ್ಲ, ಪ್ರತಿ ಸಂಚಿಕೆಯ ಪ್ರತಿ ಪುಟವನ್ನೂ ಯಾರಾದರೂ ಕೂತು ಹೊಸದಾಗಿ ಬರೆಯಬೇಕು. ಒಂದು ಸಾಲು ತಪ್ಪಿದರೆ ಮೊಳೆಯಂತೆ ಕಿತ್ತು ಬದಲಿಸುವಂತಿಲ್ಲ. ಕೊನೇ ಗಳಿಗೆಯಲ್ಲಿ ಬಂದ ಸುದ್ದಿಗೆ ಜಾಗವಿಲ್ಲ. ಬಳ್ಳಾರಿಯಲ್ಲಾದರೋ ಲಂಡನ್ ಮಿಷನ್ನಿನವರ ಬಳಿ ಕನ್ನಡ ಮೊಳೆ ಇತ್ತು. 1844ರ ಮಾರ್ಚಿನಿಂದ ಪತ್ರಿಕೆ ಅಲ್ಲಿ ಅಚ್ಚಾಗತೊಡಗಿತು, ಹೆಸರು 'ಕನ್ನಡ ಸಮಾಚಾರ' ಎಂದಾಯಿತು. ಹೆಸರಿನಲ್ಲಿ ಊರು ಹೋಗಿ ನಾಡು ಬಂತು ಎಂದು ಹಿಗ್ಗುವವರಿದ್ದಾರೆ. ನನಗೆ ಕಾಣುವುದು ಬೇರೆ. ಮಂಗಳೂರು ಪೇಟೆಯ ಸುದ್ದಿ ಘಟ್ಟ ಹತ್ತಿ ಬಯಲುಸೀಮೆಯ ಬಳ್ಳಾರಿ ಮುಟ್ಟಿ ಅಚ್ಚಾಗಿ ಮರಳಿ ಘಟ್ಟ ಇಳಿಯುವಷ್ಟರಲ್ಲಿ ಅದು ಸುದ್ದಿಯಾಗಿ ಉಳಿದಿರುತ್ತದೆಯೇ? ಆ ವರ್ಷ ಮುಗಿಯುವುದರೊಳಗೆ ಪತ್ರಿಕೆ ನಿಂತಿತು.

ಕಲ್ಲು ಮಾತ್ರ ಸುಮ್ಮನೆ ಕೂರಲಿಲ್ಲ. ಮದರಾಸಿನ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಹಣ ಕೊಟ್ಟರು, ಮೋಗ್ಲಿಂಗ್ 1848ರಿಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ತಂದರು. ಜೈಮಿನಿ ಭಾರತ, ಬಸವಪುರಾಣ, 1850ರಲ್ಲಿ ದಾಸರ ಪದಗಳು. ಇಲ್ಲಿ ಅವಸರವಿಲ್ಲ, ಕೊನೇ ಗಳಿಗೆಯ ಸುದ್ದಿಯಿಲ್ಲ. ಸುದ್ದಿಗೆ ಹೊರೆಯಾಗಿದ್ದ ಯಂತ್ರ ಕಾವ್ಯಕ್ಕೆ ಹೇಳಿಮಾಡಿಸಿದಂತೆ ಹೊಂದಿತು. ಪಾದ್ರಿಯೊಬ್ಬರು ಬಸವಪುರಾಣವನ್ನೂ ದಾಸರ ಪದವನ್ನೂ ಅಚ್ಚುಹಾಕಿಸಿದರು ಎಂಬುದರಲ್ಲಿ ನಮ್ಮವರ ಮನಸ್ಸು ತಿಳಿಯುವ ಲೆಕ್ಕಾಚಾರ ಇದ್ದೇ ಇತ್ತು. ಆದರೆ ಬರೀ ಲೆಕ್ಕಾಚಾರಕ್ಕೆ ಯಾರೂ ಅಷ್ಟು ಪುಟ ಬರೆಸುವುದಿಲ್ಲ ಎಂದು ನಾನಂತೂ ನಂಬಿದ್ದೇನೆ.

ಮುಂದಿನದ್ದು ಹೆಚ್ಚಿನವರಿಗೆ ಗೊತ್ತಿರುವ ಕಥೆ. 1851ರಲ್ಲಿ ಪ್ಲೆಬ್ಸ್ಟ್ ಎಂಬವರು ಯುರೋಪಿನಿಂದ ಮೊಳೆಯಚ್ಚಿನ ಸಾಮಾನು ತಂದರು. ಅದೇ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾಯಿತು. ಗಡಿಯಾರ ಮಾಡುವ ಕಸುಬನ್ನೂ ಮಿಷನ್ನಿನವರು ಕಲಿಸಹೊರಟು ಸೋತು ಕೈಬಿಟ್ಟರು. ಪ್ಲೆಬ್ಸ್ಟ್ ಅವರೇ ಆಮೇಲೆ ನಮ್ಮ ನದೀತೀರದ ಜೇಡಿಮಣ್ಣಿನ ಹಿಂದೆ ಬಿದ್ದು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೊದಮೊದಲು ಎತ್ತುಗಳ ಬಲದಿಂದ ದಿನಕ್ಕೆ 560 ಹಂಚು. ಊರಿನ ಮನೆ ಕೆಡವಿದಾಗ ತಂದ ಒಂದು ಹಂಚು ಈಗ ನನ್ನ ಬಾಲ್ಕನಿಯ ತುಳಸಿಕುಂಡದ ಅಡಿಯಲ್ಲಿದೆ. ಅದರ ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರಗಳು ಇಂದಿಗೂ ನಿಚ್ಚಳ.

ಹಂಚಿನ ಮೇಲೆ ಕಂಪನಿಯ ಹೆಸರಿದೆ. ಪುಸ್ತಕಗಳಲ್ಲಿ ಮೋಗ್ಲಿಂಗ್, ವೈಗ್ಲೆ, ಕಾಸಾಮೇಜರ್, ಎಲ್ಲರ ಹೆಸರೂ ಇದೆ. ಮುಂಬಯಿಯಿಂದ ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಲಿಪಿಯನ್ನು ಅಚ್ಚುಹಾಕಲು ಹೋದವರು ಮಾತ್ರ ನಾನು ಓದಿದ ಕಡೆಯೆಲ್ಲ ಬರೀ 'ಇಬ್ಬರು ಮರಾಠಿ ಮುದ್ರಕರು'. ಬಸವಪುರಾಣವನ್ನು ಕಲ್ಲಿಗಾಗಿ ಬರೆದ ಕೈ ಯಾರದ್ದೋ.

ನಾನು ಇದನ್ನು ದೂರಿ ಬರೆಯುವಂತಿಲ್ಲ. ಆ ವರ್ಷದ ನಮ್ಮ ಸಂಚಿಕೆಯ ಕೊನೇ ಪುಟದಲ್ಲಿ ಜಾಹೀರಾತು ಕೊಟ್ಟವರು, ಸಭಾಭವನ ಕೊಡಿಸಿದವರು, ಊಟದ ವ್ಯವಸ್ಥೆ ನೋಡಿಕೊಂಡವರು, ಎಲ್ಲರಿಗೂ ಹೆಸರು ಹಿಡಿದು ಕೃತಜ್ಞತೆ ಇದೆ. ಗಿರಗಾಂವದವನ ಹೆಸರಿಲ್ಲ. ರಾತ್ರಿ ಎರಡೂವರೆಗೆ ಪೆನ್ ಡ್ರೈವ್ ಕೈಗಿಡುತ್ತ, ತನಗೂ ಒಂದು ಪ್ರತಿ ಬೇಕು, ಮಗಳಿಗೆ ತೋರಿಸಬೇಕು ಎಂದಿದ್ದ. ಮನೆಗೆ ಹೋಗುವ ರೈಲಿನಲ್ಲಿ ನನಗೆ ತಪ್ಪು ಹೊಳೆಯಿತು. ಬೆಳಿಗ್ಗೆ ಫೋನ್ ಮಾಡಿ ಒಂದು ಸಾಲು ಸೇರಿಸಲು ಆಗುತ್ತದೆಯೇ ಎಂದು ಕೇಳಿದೆ. ಏನು ಸೇರಿಸಬೇಕೆಂದು ಮಾತ್ರ ಹೇಳಲಿಲ್ಲ. ಅವನು ನಕ್ಕ. "ಸಾಹೇಬ, ಈಗ ಅದು ಅಕ್ಷರವಲ್ಲ, ಚಿತ್ರ."

ಪ್ರತಿ ತಲುಪಿಸಿದೆ. ಮುಂದಿನ ವರ್ಷ ಹೋಗುವಷ್ಟರಲ್ಲಿ ಅಂಗಡಿ ಮುಚ್ಚಿತ್ತು, ಅಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು.